ಸಿಂಹಕ್ಕೆ ಕಾಡು ಕಲಿಸಿದ ಜಾಯ್ ಆಡಮ್ಸನ್



ಈ ಸಲದ ಗೋಡೆ ಪತ್ರಿಕೆಯ 'ಮಹನೀಯರ ಜೀವನ' ಅಂಕಣ ಬರೆಯುವ ಸರದಿ ನನ್ನದು. ಎಲ್ಲರೂ ನನ್ನನ್ನು ಗಾಂಧೀಜಿ ಬಗ್ಗೆ ಬರೀತೀಯಾ, ವಿವೇಕಾನಂದರ ಬಗ್ಗೆ ಬರೀತೀಯಾ ಅಂತ ಕೇಳಿದರು. ನಾನು ಬರೆಯಲು ಹೊರಟಿರುವುದು ಆಫ್ರಿಕಾದ ಕಾಡಿನಲ್ಲಿ ಬದುಕಿ, ಅಲ್ಲೇ ಸತ್ತ ಒಬ್ಬ ಹೆಂಗಸಿನ ಬಗ್ಗೆ. ಯಾಕೆ ಇವರನ್ನೇ ಆರಿಸಿಕೊಂಡೆ ಅನ್ನುವುದಕ್ಕೆ ಒಂದು ಕಾರಣ ಇದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷ ಯುಗಾದಿ ಕಳೆದ ಮೇಲೆ ನಮ್ಮ ಹಿತ್ತಲ ತೆಂಗಿನ ಮರದಿಂದ ಒಂದು ಒಣಗರಿ ಬಿತ್ತು. ಅದರ ಜೊತೆ ಅಳಿಲಿನ ಗೂಡೂ ಬಿತ್ತು. ಮೂರು ಮರಿಗಳಲ್ಲಿ ಎರಡು ಸತ್ತಿದ್ದವು, ಒಂದು ಉಸಿರಾಡುತ್ತಿತ್ತು. ಕಣ್ಣು ಕೂಡ ಬಿಟ್ಟಿರಲಿಲ್ಲ. ನಾನು ಅದನ್ನು ಹತ್ತಿಯಲ್ಲಿ ಸುತ್ತಿ, ಬತ್ತಿ ಅದ್ದಿ ಅದ್ದಿ ಹಾಲು ಕುಡಿಸಿ ಬದುಕಿಸಿದೆ. ಚಿಟ್ಟಿ ಅಂತ ಹೆಸರಿಟ್ಟೆ. ದೊಡ್ಡದಾದ ಮೇಲೆ ಅದು ನನ್ನ ಹೆಗಲ ಮೇಲೆ ಕೂತು ಊಟ ಮಾಡೋದು, ನನ್ನ ಸ್ಕೂಲ್ ಬ್ಯಾಗಿನಲ್ಲಿ ಮಲಗೋದು. ನಮ್ಮ ಮನೆಯ ಬೆಕ್ಕೂ ಅದೂ ಒಂದೇ ಒಲೆಯ ಹತ್ತಿರ ಬೆಚ್ಚಗೆ ಕೂರುತ್ತಿದ್ದವು. ಆಮೇಲೆ ಒಂದು ದಿನ ತರಗತಿಯಲ್ಲಿ ಪರಿಸರದ ಪಾಠ ನಡೆಯಿತು. ಕಾಡುಜೀವಿಗಳನ್ನು ಮನೆಯಲ್ಲಿ ಕಟ್ಟಿ ಹಾಕಬಾರದು, ಅವು ಸ್ವತಂತ್ರವಾಗಿರಬೇಕು ಅಂತ ಕಲಿತೆ. ಅದು ನನ್ನ ಮನಸ್ಸಿಗೆ ನಾಟಿತು. ಅವತ್ತು ಸಂಜೆಯೇ ಚಿಟ್ಟಿಯನ್ನು ಕೆರೆ ಏರಿಯ ಹುಣಸೆ ಮರಕ್ಕೆ ಬಿಟ್ಟು, ತಿರುಗಿ ನೋಡದೆ ಓಡಿ ಬಂದೆ. ಒಳ್ಳೇ ಕೆಲಸ ಮಾಡಿದೆ ಅಂದುಕೊಂಡಿದ್ದೆ. ಮಾರನೇ ದಿನ ಬೆಳಿಗ್ಗೆ ಬೀದಿ ಬೆಕ್ಕೊಂದು ಅದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುವುದನ್ನು ನೋಡಿದೆ. ಬೆಕ್ಕನ್ನು ಕಂಡರೆ ಓಡಬೇಕು ಅಂತ ಚಿಟ್ಟಿಗೆ ಗೊತ್ತೇ ಇರಲಿಲ್ಲ. ಯಾಕೆಂದರೆ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಷ್ಟೋ ದಿನ ನನಗೆ ಊಟ ಸೇರಲಿಲ್ಲ. ಸಾಕಿದ್ದು ತಪ್ಪೋ, ಬಿಟ್ಟಿದ್ದು ತಪ್ಪೋ ತಿಳಿಯದೆ ಒದ್ದಾಡಿದೆ. ಆಮೇಲೆ ನಮ್ಮ ಶಾಲೆಯ ಪುಸ್ತಕದ ಬೀರುವಿನಲ್ಲಿ ಸಿಂಹದ ಚಿತ್ರ ಇದ್ದ ಒಂದು ಹಳೇ ಪುಸ್ತಕ ಸಿಕ್ಕಿತು. ಅದರಲ್ಲಿ ಜಾಯ್ ಆಡಮ್ಸನ್ ಅವರ ಕಥೆ ಇತ್ತು. ನನ್ನ ಪ್ರಶ್ನೆಯನ್ನೇ ಅವರೂ ಎದುರಿಸಿದ್ದರು. ಆದರೆ ಅವರ ಕೈಯಲ್ಲಿದ್ದದ್ದು ಅಳಿಲಲ್ಲ, ಸಿಂಹ!

ಜಾಯ್ ಅವರ ಹುಟ್ಟು ಹೆಸರು ಫ್ರೀಡರಿಕೆ ವಿಕ್ಟೋರಿಯಾ ಗೆಸ್ನರ್. ಅವರು 1910ನೇ ಇಸವಿ ಜನವರಿ 20ರಂದು ಯುರೋಪಿನ ಟ್ರೊಪ್ಪೌ ಎಂಬ ಊರಿನಲ್ಲಿ ಹುಟ್ಟಿದರು. ಆಗ ಆ ಊರು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದಲ್ಲಿತ್ತು. ಈಗ ಅದರ ಹೆಸರು ಓಪಾವಾ, ಇರುವುದು ಚೆಕ್ ಗಣರಾಜ್ಯದಲ್ಲಿ. ಮನೆಯಲ್ಲಿ ಮೂವರು ಹೆಣ್ಣುಮಕ್ಕಳು, ಇವರು ನಡುವಿನವರು. ಚಿಕ್ಕವರಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಹಾಗಾಗಿ ವಿಯೆನ್ನಾ ನಗರದಲ್ಲಿ ಅಜ್ಜಿಯ ಹತ್ತಿರ ಬೆಳೆದರು. ಪಿಯಾನೋ ಕಲಿತರು, ಶಿಲ್ಪಕಲೆ ಕಲಿತರು, ಇನ್ನೂ ಏನೇನೋ ಕಲಿತರು. ಆದರೆ ಯಾವುದರಲ್ಲೂ ಅವರ ಮನಸ್ಸು ನೆಲೆ ನಿಲ್ಲಲಿಲ್ಲ.

1935ರಲ್ಲಿ ಅವರಿಗೆ ಮೊದಲ ಮದುವೆಯಾಯಿತು. ಗಂಡ ಯಹೂದಿ ಮನೆತನದವರು. ಆಗ ಹಿಟ್ಲರನ ಕಾಲ, ಯಹೂದಿಗಳಿಗೆ ದಿನದಿಂದ ದಿನಕ್ಕೆ ಕಷ್ಟ ಹೆಚ್ಚುತ್ತಿತ್ತು. ಬೇರೆ ದೇಶದಲ್ಲಿ ನೆಲೆ ಹುಡುಕೋಣ ಅಂತ ಗಂಡ ಇವರನ್ನು 1937ರಲ್ಲಿ ಪೂರ್ವ ಆಫ್ರಿಕಾದ ಕೀನ್ಯಾ ದೇಶಕ್ಕೆ ಮುಂಚಿತವಾಗಿ ಕಳಿಸಿದರು. ಹಡಗಿನಲ್ಲಿ ಪೀಟರ್ ಬ್ಯಾಲಿ ಎಂಬ ಸಸ್ಯವಿಜ್ಞಾನಿಯ ಪರಿಚಯವಾಯಿತು. ಮೊದಲ ಮದುವೆ ಮುರಿದು, 1938ರಲ್ಲಿ ಅವರನ್ನೇ ಮದುವೆಯಾದರು. ಜಾಯ್ ಅಂತ ಹೆಸರಿಟ್ಟವರು ಈ ಬ್ಯಾಲಿಯವರೇ. ಅದಕ್ಕೆ ಸಂತೋಷ ಅಂತ ಅರ್ಥ.

ಬ್ಯಾಲಿಯವರ ಜೊತೆ ಕಾಡುಮೇಡು ಸುತ್ತುತ್ತಾ ಜಾಯ್ ಗಿಡಗಳ ಚಿತ್ರ ಬರೆಯಲು ಶುರುಮಾಡಿದರು. ಒಂದೊಂದು ಹೂವು, ಎಲೆ, ಬೀಜ ಎಲ್ಲವನ್ನೂ ಇದ್ದದ್ದು ಇದ್ದಂತೆ ಬರೆಯುತ್ತಿದ್ದರು. ಆ ಚಿತ್ರಗಳಿಗೆ 1947ರಲ್ಲಿ ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಚಿನ್ನದ ಪದಕ ಬಂತು. ಆಮೇಲೆ ಕೀನ್ಯಾದ ಬೇರೆ ಬೇರೆ ಬುಡಕಟ್ಟು ಜನರ ಹತ್ತಿರ ಹೋಗಿ, ಅವರ ಉಡುಗೆ ತೊಡುಗೆ, ಮಣಿಸರ, ಕೇಶಾಲಂಕಾರ ಎಲ್ಲವನ್ನೂ ನೂರಾರು ಚಿತ್ರಗಳಲ್ಲಿ ಬರೆದರು. ಆ ಉಡುಪುಗಳಲ್ಲಿ ಎಷ್ಟೋ ಈಗ ಬಳಕೆಯಲ್ಲಿಲ್ಲ. ನೈರೋಬಿಯ ವಸ್ತುಸಂಗ್ರಹಾಲಯದಲ್ಲಿ ಈ ಚಿತ್ರಗಳಿವೆ. ಸಿಂಹದ ಕಥೆಯೇ ಇಲ್ಲದಿದ್ದರೂ ಇಷ್ಟಕ್ಕೇ ಅವರ ಹೆಸರು ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತೆ.

ಬ್ಯಾಲಿಯವರ ಜೊತೆಯೂ ಸಂಸಾರ ಹೊಂದಲಿಲ್ಲ. 1944ರಲ್ಲಿ ಜಾಯ್ ಅವರು ಜಾರ್ಜ್ ಆಡಮ್ಸನ್ ಅವರನ್ನು ಮದುವೆಯಾದರು. ಇಲ್ಲೊಂದು ಸ್ವಾರಸ್ಯ ಕೇಳಿ. ಈ ಜಾರ್ಜ್ ಹುಟ್ಟಿದ್ದು ನಮ್ಮ ದೇಶದಲ್ಲಿ! ಈಗಿನ ಉತ್ತರ ಪ್ರದೇಶದ ಇಟಾವಾದಲ್ಲಿ 1906ರಲ್ಲಿ ಹುಟ್ಟಿ, ಆಮೇಲೆ ಕೀನ್ಯಾಕ್ಕೆ ಹೋದವರು ಅವರು. ಕೀನ್ಯಾದ ಉತ್ತರ ಗಡಿಯ ಒಣ ಸೀಮೆಯಲ್ಲಿ ವನ್ಯಪ್ರಾಣಿಗಳ ವಾರ್ಡನ್ ಆಗಿದ್ದರು. ಕದ್ದು ಬೇಟೆಯಾಡುವವರನ್ನು ಹಿಡಿಯುವುದು, ಜನರನ್ನು ದನಗಳನ್ನು ತಿನ್ನುವ ಪ್ರಾಣಿಗಳನ್ನು ಕೊಲ್ಲುವುದು ಅವರ ಕೆಲಸ. ಇಸಿಯೋಲೋ ಎಂಬ ಊರಿನಲ್ಲಿ ಗಂಡ ಹೆಂಡತಿ ಇದ್ದರು. ಆದರೆ ಮನೆಯಲ್ಲಿ ಇದ್ದದ್ದಕ್ಕಿಂತ ಸಫಾರಿಯಲ್ಲಿ ಇದ್ದದ್ದೇ ಹೆಚ್ಚು.

ಸಫಾರಿ ಅಂದರೆ ಗೊತ್ತಲ್ಲ? ನಾವು ಪ್ರವಾಸಕ್ಕೆ ಬನ್ನೇರುಘಟ್ಟಕ್ಕೆ ಹೋದಾಗ ಜಾಲರಿ ಹಾಕಿದ ಬಸ್ಸಿನಲ್ಲಿ ಕೂತು ಸಿಂಹ ನೋಡಿದೆವಲ್ಲ, ಅದಕ್ಕೆ ಸಫಾರಿ ಅಂದರು. ಆದರೆ ಸಫಾರಿ ಅನ್ನುವುದು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆಯ ಪದ. ಪ್ರಯಾಣ ಅಂತ ಅದರ ಅರ್ಥ, ಅಷ್ಟೇ. ಅರಬ್ಬೀ ಭಾಷೆಯ ಸಫರ್ ಎಂಬ ಪದದಿಂದ ಬಂದದ್ದು. ಹಿಂದಿ ಹಾಡುಗಳಲ್ಲಿ ಬರುವ ಸಫರ್ ಕೂಡ ಅದೇ. ಹಿಂದೆ ಯುರೋಪ್ ಅಮೆರಿಕದ ಸಾಹುಕಾರರು ಆಫ್ರಿಕಾಕ್ಕೆ ಸಫಾರಿ ಹೋಗುತ್ತಿದ್ದದ್ದು ಬೇಟೆಗೆ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡೋರ್ ರೂಸ್‌ವೆಲ್ಟ್ ಅಧಿಕಾರ ಬಿಟ್ಟ ಮೇಲೆ 1909ರಲ್ಲಿ ಸಫಾರಿಗೆ ಹೋದರು. ಅವರೂ ಅವರ ಮಗನೂ ಸೇರಿ ಹೊಡೆದ ಪ್ರಾಣಿಗಳು 512. ಮ್ಯೂಸಿಯಂಗೆ ಬೇಕು ಅಂತ ಹೊಡೆದರಂತೆ. ಆಡಮ್ಸನ್ ದಂಪತಿಗಳ ಸಫಾರಿ ಬೇರೆ ಥರ. ಡೇರೆ, ನೀರಿನ ಕ್ಯಾನು, ಕತ್ತೆಗಳ ಮೇಲೆ ಸಾಮಾನು, ಸ್ಥಳೀಯ ಕೆಲಸಗಾರರು. ಬಿಸಿಲಲ್ಲಿ ದಿನಗಟ್ಟಲೆ ನಡಿಗೆ.

ಈಗ ಮುಖ್ಯ ಕಥೆಗೆ ಬರುತ್ತೇನೆ. 1956ನೇ ಇಸವಿ ಫೆಬ್ರವರಿ 1ನೇ ತಾರೀಖು. ನರಭಕ್ಷಕ ಸಿಂಹವೊಂದನ್ನು ಹುಡುಕಿಕೊಂಡು ಜಾರ್ಜ್ ಹೋಗಿದ್ದಾಗ ಬಂಡೆಗಳ ಸಂದಿಯಿಂದ ಒಂದು ಸಿಂಹಿಣಿ ಅವರ ಮೇಲೆ ನುಗ್ಗಿತು. ಪ್ರಾಣ ಉಳಿಸಿಕೊಳ್ಳಲು ಗುಂಡು ಹಾರಿಸಬೇಕಾಯಿತು. ಅದು ಸತ್ತು ಬಿದ್ದ ಮೇಲೆ ನೋಡಿದರೆ ಅದರ ಕೆಚ್ಚಲಲ್ಲಿ ಹಾಲಿತ್ತು. ಬಂಡೆಯ ಬಿರುಕಿನಲ್ಲಿ ಕೆಲವೇ ದಿನದ ಮೂರು ಹೆಣ್ಣು ಮರಿಗಳಿದ್ದವು. ಆ ತಾಯಿ ಬಂದದ್ದು ಮನುಷ್ಯರನ್ನು ತಿನ್ನೋಕಲ್ಲ, ಮರಿಗಳನ್ನು ಕಾಯೋಕೆ. ಇದನ್ನು ಓದಿದಾಗ ನನಗೆ ಆ ತೆಂಗಿನ ಗರಿಯೇ ನೆನಪಾಯಿತು.

ಜಾರ್ಜ್ ಮೂರೂ ಮರಿಗಳನ್ನು ಮನೆಗೆ ತಂದು ಜಾಯ್ ಕೈಗೆ ಕೊಟ್ಟರು. ಮೊದಮೊದಲು ಅವು ಹಾಲು ಕುಡಿಯಲೇ ಇಲ್ಲ. ಆಮೇಲೆ ಒಂದು ಸಲ ರುಚಿ ಹತ್ತಿದ್ದೇ ತಡ, ಹಾಲು ಕಾಯಿಸಿ ಕಾಯಿಸಿ ಸಾಕಾಗುತ್ತಿತ್ತಂತೆ. ಮೂರರಲ್ಲಿ ಚಿಕ್ಕದು, ಆದರೆ ಧೈರ್ಯದಲ್ಲಿ ಮುಂದು. ಅದಕ್ಕೆ ಎಲ್ಸಾ ಅಂತ ಹೆಸರಿಟ್ಟರು. ಮೂರು ಸಿಂಹಗಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಆಗುತ್ತದೆಯೇ? ಕೆಲವು ತಿಂಗಳಾದ ಮೇಲೆ ದೊಡ್ಡವೆರಡನ್ನು ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಕಳಿಸಿದರು. ಎಲ್ಸಾ ಮಾತ್ರ ಉಳಿಯಿತು.

ಎಲ್ಸಾ ಬೆಳೆದ ರೀತಿ ಓದಿದರೆ ನಗು ಬರುತ್ತೆ. ಲ್ಯಾಂಡ್ ರೋವರ್ ಜೀಪಿನ ಮೇಲೆ ಹತ್ತಿ ಮಲಗಿ ಮೆರವಣಿಗೆ ಹೊರಟಂತೆ ಹೋಗುತ್ತಿತ್ತು. ಹಿಂದೂ ಮಹಾಸಾಗರದ ದಡಕ್ಕೆ ಕರೆದುಕೊಂಡು ಹೋದಾಗ ಅಲೆಗಳ ಜೊತೆ ಆಟ ಆಡಿತು. ರುಡಾಲ್ಫ್ ಸರೋವರದ ಸಫಾರಿಯಲ್ಲಿ ಕತ್ತೆಗಳ ಸಾಲಿನ ಜೊತೆ ನಡೆಯಿತು. ಆ ಸರೋವರಕ್ಕೆ ಈಗ ತುರ್ಕಾನಾ ಅಂತ ಹೆಸರು. ಸುತ್ತ ಲಾವಾ ಕಲ್ಲು, ಸುಡುವ ಗಾಳಿ. ಬೆಳೆದ ಸಿಂಹಿಣಿ ಅಂದರೆ ನೂರು ಕಿಲೋಗಿಂತ ಹೆಚ್ಚು ತೂಕ. ಅಷ್ಟು ದೊಡ್ಡ ಪ್ರಾಣಿ ಓಡಿ ಬಂದು ಮುದ್ದು ಮಾಡಲು ಮೈಮೇಲೆ ಬಿದ್ದರೆ ಜಾಯ್ ನೆಲಕ್ಕೆ ಉರುಳುತ್ತಿದ್ದರು.

ಎಲ್ಸಾಗೆ ಎರಡು ವರ್ಷ ತುಂಬುವ ಹೊತ್ತಿಗೆ ರಾತ್ರಿ ಹೊತ್ತು ಕಾಡು ಸಿಂಹಗಳ ಗರ್ಜನೆ ಕೇಳಿ ಹೊರಗೆ ಹೋಗುವುದಕ್ಕೆ ಶುರುವಾಯಿತು. ಆಗ ಆಡಮ್ಸನ್ ದಂಪತಿಗಳ ಮುಂದೆ ಎರಡು ದಾರಿ ಇದ್ದವು. ಒಂದು, ಅಕ್ಕಂದಿರ ಹಾಗೆ ಮೃಗಾಲಯಕ್ಕೆ ಕಳಿಸುವುದು. ಅಲ್ಲಿ ಜೀವಕ್ಕೆ ಅಪಾಯವಿಲ್ಲ, ಹೊತ್ತು ಹೊತ್ತಿಗೆ ಮಾಂಸ ಸಿಗುತ್ತೆ. ಇನ್ನೊಂದು, ಕಾಡಿಗೆ ಬಿಡುವುದು. ಮನುಷ್ಯರು ಸಾಕಿದ ಸಿಂಹ ಕಾಡಿನಲ್ಲಿ ಬದುಕಲಾರದು ಅಂತ ಆಗ ಎಲ್ಲರೂ ನಂಬಿದ್ದರು. ಜಾಯ್ ಕಾಡನ್ನೇ ಆರಿಸಿಕೊಂಡರು.

ಇಲ್ಲೇ ನೋಡಿ ನಾನು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ಇರುವ ವ್ಯತ್ಯಾಸ. ಅವರು ಬಾಗಿಲು ತೆಗೆದು ಓಡಿ ಬರಲಿಲ್ಲ. ಮೊದಲು ಬಿಟ್ಟ ಜಾಗದ ಹವೆ ಎಲ್ಸಾಗೆ ಒಗ್ಗಲಿಲ್ಲ, ಕಾಯಿಲೆ ಬಿತ್ತು. ಕೆಲವು ದಿನ ಬಿಟ್ಟು ಹೋಗಿ ನೋಡಿದರೆ ಹೊಟ್ಟೆ ಬೆನ್ನಿಗೆ ಹತ್ತಿತ್ತು, ಬೇಟೆ ಗೊತ್ತಿರಲಿಲ್ಲ. ಅವರು ಅದನ್ನು ವಾಪಸ್ ಕರೆತಂದು, ಅದು ಹುಟ್ಟಿದ ಸೀಮೆಯ ಕಡೆಗೇ, ಮೇರು ಪ್ರದೇಶದ ಊರಾ ನದಿಯ ಹತ್ತಿರ ಡೇರೆ ಹಾಕಿದರು. ಜಾರ್ಜ್ ಒಂದು ಪ್ರಾಣಿಯನ್ನು ಹೊಡೆದು ಕೆಡವಿ ಎಲ್ಸಾಗೆ ಬಿಡುತ್ತಿದ್ದರು. ಅದು ಎಲ್ಲಿ ಹಿಡಿಯಬೇಕು, ಹೇಗೆ ಎಳೆಯಬೇಕು, ರಣಹದ್ದುಗಳಿಂದ ಹೇಗೆ ಕಾಯಬೇಕು ಅಂತ ನಿಧಾನಕ್ಕೆ ಕಲಿಯಿತು. ಒಂದೆರಡು ದಿನ ಬಿಟ್ಟು ಹೋಗುವುದು, ಬಂದು ನೋಡುವುದು. ಆಮೇಲೆ ಒಂದು ವಾರ. ಆಮೇಲೆ ಇನ್ನೂ ಹೆಚ್ಚು. ಹೀಗೆ ತಿಂಗಳುಗಟ್ಟಲೆ ಮಾಡಿದರು. ಕೊನೆಗೆ ಒಂದು ದಿನ ಎಲ್ಸಾ ತಾನೇ ಬೇಟೆಯಾಡಿ ತಿಂದದ್ದು ಗೊತ್ತಾಯಿತು. ಪರೀಕ್ಷೆಯಲ್ಲಿ ಮಗಳು ಪಾಸಾದ ಹಾಗೆ ಅವರಿಗೆ ಆಗಿರಬೇಕು. ಖುಷಿ, ಜೊತೆಗೆ ಸಂಕಟ. ಏಕೆಂದರೆ ಪಾಸಾದರೆ ಮನೆ ಬಿಟ್ಟು ಹೋಗುತ್ತಾಳೆ.

ಎಲ್ಸಾ ಹೋಯಿತು, ಆದರೆ ಮರೆಯಲಿಲ್ಲ. ಒಂದು ಕಾಡು ಸಿಂಹದ ಜೊತೆ ಕೂಡಿತು. 1959ರ ಡಿಸೆಂಬರಿನಲ್ಲಿ ಮೂರು ಮರಿ ಹಾಕಿತು. ಕೆಲವು ವಾರ ಅವುಗಳನ್ನು ಬಚ್ಚಿಟ್ಟಿದ್ದು, ಆಮೇಲೆ ತಾನಾಗಿಯೇ ನದಿ ದಾಟಿಸಿ ಡೇರೆಯ ಹತ್ತಿರ ಕರೆದುಕೊಂಡು ಬಂತು. ತವರುಮನೆಗೆ ಮಗು ತೋರಿಸಲು ಬಂದಂತೆ! ಜೆಸ್ಪಾ, ಗೋಪಾ, ಪುಟ್ಟ ಎಲ್ಸಾ ಅಂತ ಜಾಯ್ ಅವುಗಳಿಗೆ ಹೆಸರಿಟ್ಟರು. ಆದರೆ ಒಂದು ನಿಯಮ ಮಾಡಿಕೊಂಡರು. ಆ ಮರಿಗಳನ್ನು ಮುಟ್ಟಿ ಮುದ್ದಾಡಬಾರದು. ಅವು ಕಾಡಿನವಾಗಿಯೇ ಬೆಳೆಯಬೇಕು. ಕೈಗೆಟುಕುವಷ್ಟು ಹತ್ತಿರ ಸಿಂಹದ ಮರಿ ಇದ್ದೂ ಮುಟ್ಟದೇ ಇರುವುದು ಎಷ್ಟು ಕಷ್ಟ ಅಂತ ಯೋಚನೆ ಮಾಡಿ.

1960ರಲ್ಲಿ ಜಾಯ್ ಅವರು ಬರೆದ 'ಬಾರ್ನ್ ಫ್ರೀ' ಪುಸ್ತಕ ಪ್ರಕಟವಾಯಿತು. ಅದರ ಹೆಸರಿಗೆ ಹುಟ್ಟಾ ಸ್ವತಂತ್ರ ಅಂತ ಅರ್ಥ. ಲಕ್ಷಗಟ್ಟಲೆ ಪ್ರತಿ ಮಾರಾಟವಾಗಿ, ಹಲವಾರು ಭಾಷೆಗಳಿಗೆ ಅನುವಾದವಾಯಿತು. 1966ರಲ್ಲಿ ಸಿನಿಮಾ ಕೂಡ ಆಯಿತು. ಅದುವರೆಗೆ ಸಿಂಹ ಅಂದರೆ ಗೋಡೆಗೆ ತೂಗುಹಾಕುವ ತಲೆ ಅಂದುಕೊಂಡಿದ್ದ ಎಷ್ಟೋ ಜನ, ಅದಕ್ಕೂ ಒಂದು ಹೆಸರು, ಒಂದು ಸ್ವಭಾವ ಇರುತ್ತೆ ಅಂತ ತಿಳಿದುಕೊಂಡರು. ಆ ಸಿನಿಮಾದಲ್ಲಿ ಜಾಯ್ ಪಾತ್ರ ಮಾಡಿದ ವರ್ಜೀನಿಯಾ ಮೆಕೆನ್ನಾ ಅವರೂ ಮುಂದೆ ಪ್ರಾಣಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆ ಕಟ್ಟಿದರು.

ಆದರೆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. 1961ರ ಜನವರಿಯಲ್ಲಿ ಉಣ್ಣೆಯಿಂದ ಹರಡುವ ಜ್ವರ ಬಂದು ಎಲ್ಸಾ ಸತ್ತುಹೋಯಿತು. ಅದಕ್ಕೆ ಬರೀ ಐದು ವರ್ಷ. ಆಗ ಜಾರ್ಜ್ ಪಕ್ಕದಲ್ಲಿದ್ದರು, ಜಾಯ್ ನೈರೋಬಿಗೆ ಹೋಗಿದ್ದರು. ಊರಾ ನದಿಯ ಹತ್ತಿರವೇ ಎಲ್ಸಾಗೆ ಸಮಾಧಿ ಮಾಡಿದರು.

ಇನ್ನು ಮರಿಗಳ ಕಥೆ. ತಾಯಿ ಇಲ್ಲದ ಅವಕ್ಕೆ ಬೇಟೆ ಸರಿಯಾಗಿ ಬರುತ್ತಿರಲಿಲ್ಲ. ಹಸಿವಿಗೆ ಹಳ್ಳಿಯವರ ಮೇಕೆಗಳ ಮೇಲೆ ಬಿದ್ದವು. ಜನ ಸುಮ್ಮನಿರುತ್ತಾರಾ? ಬಾಣ ಬಿಟ್ಟರು. ಜೆಸ್ಪಾ ಮೈಯಲ್ಲಿ ಬಾಣದ ಮೊನೆ ಸಿಕ್ಕಿಕೊಂಡಿತು. ಓದುವಾಗ ನಾನು ಇಲ್ಲಿ ಸ್ವಲ್ಪ ನಿಂತೆ. ನಮ್ಮೂರಲ್ಲೂ ಚಿರತೆ ಬಂದು ಕುರಿ ಎತ್ತಿಕೊಂಡು ಹೋದಾಗ ಆ ಮನೆಯವರು ಅತ್ತದ್ದನ್ನು ನಾವೆಲ್ಲ ನೋಡಿದ್ದೇವೆ. ಮೇಕೆ ಸಾಕಿಕೊಂಡು ಬದುಕುವವರಿಗೆ ಸಿಂಹ ಪುಸ್ತಕದ ಚಿತ್ರವಲ್ಲ. ಅವರದ್ದೂ ತಪ್ಪಲ್ಲ, ಸಿಂಹದ್ದೂ ತಪ್ಪಲ್ಲ. ಕೊನೆಗೆ ಮೂರನ್ನೂ ಬೋನಿಗೆ ಹಾಕಿ ಲಾರಿಯಲ್ಲಿ ಸೆರೆಂಗೆಟಿ ಎಂಬ ದೊಡ್ಡ ಅಭಯಾರಣ್ಯಕ್ಕೆ ಸಾಗಿಸಿ ಬಿಟ್ಟರು. ಅದು ಈಗಿನ ಟಾಂಜಾನಿಯಾ ದೇಶದಲ್ಲಿದೆ. ಸ್ವಲ್ಪ ಕಾಲ ಕಾಣಿಸಿಕೊಂಡು ಆಮೇಲೆ ಅವು ಆ ಬಯಲಿನಲ್ಲಿ ಮರೆಯಾದವು. ಜಾಯ್ ತಿಂಗಳುಗಟ್ಟಲೆ ಹುಡುಕಿದರು.

ಜಾಯ್ ಅಲ್ಲಿಗೇ ನಿಲ್ಲಿಸಲಿಲ್ಲ. ಪುಸ್ತಕಗಳಿಂದ ಬಂದ ಹಣವನ್ನು ವನ್ಯಜೀವಿಗಳಿಗಾಗಿ ಎಲ್ಸಾ ಹೆಸರಿನ ನಿಧಿಗೆ ಕೊಟ್ಟರು. ಮೇರು ಪ್ರದೇಶ 1966ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲೇ ಪಿಪ್ಪಾ ಎಂಬ ಸಾಕಿದ ಚೀತಾವನ್ನು ಕಾಡಿಗೆ ಬಿಡುವ ಕೆಲಸ ಮಾಡಿದರು. ಪಿಪ್ಪಾ ಹಲವು ಸಲ ಮರಿ ಹಾಕಿ, 1969ರಲ್ಲಿ ಸತ್ತಿತು. ಅದೇ ವರ್ಷ ಕಾರು ಅಪಘಾತದಲ್ಲಿ ಜಾಯ್ ಅವರ ಬಲಗೈಗೆ ದೊಡ್ಡ ಪೆಟ್ಟಾಯಿತು. ಚಿತ್ರ ಬರೆಯುತ್ತಿದ್ದ, ಪಿಯಾನೋ ನುಡಿಸುತ್ತಿದ್ದ ಕೈ ಅದು. ಆದರೂ ಅವರು ಬಿಡಲಿಲ್ಲ. 1976ರಿಂದ ಪೆನ್ನಿ ಎಂಬ ಚಿರತೆ ಮರಿಯನ್ನು ಬೆಳೆಸಿ, ಶಾಬಾ ಎಂಬ ಕಾಡಿನಲ್ಲಿ ಬಿಟ್ಟರು. ಅದೂ ಮರಿ ಹಾಕಿತು. ಸಿಂಹ, ಚೀತಾ, ಚಿರತೆ ಮೂರಕ್ಕೂ ಕಾಡು ಕಲಿಸಿದವರು ಇವರು.

ದೊಡ್ಡವರ ಬಗ್ಗೆ ಬರೆಯುವಾಗ ಬರೀ ಒಳ್ಳೆಯದನ್ನೇ ಬರೆಯಬಾರದು ಅಂತ ನಮ್ಮ ಮೇಷ್ಟ್ರು ಹೇಳಿದ್ದಾರೆ. ಜಾಯ್ ಬಹಳ ಮುಂಗೋಪಿ. ಪ್ರಾಣಿಗಳ ಹತ್ತಿರ ಇದ್ದ ತಾಳ್ಮೆ ಮನುಷ್ಯರ ಹತ್ತಿರ ಇರಲಿಲ್ಲ. ಕೆಲಸಗಾರರ ಜೊತೆ ಜಗಳ ಆಗುತ್ತಿತ್ತು. ಜಾರ್ಜ್ ಕೋರಾ ಎಂಬಲ್ಲಿ ಸಿಂಹಗಳ ಜೊತೆ, ಇವರು ಬೇರೆ ಕಡೆ, ಹೀಗೆ ಕೊನೆ ಕೊನೆಗೆ ಗಂಡ ಹೆಂಡತಿ ಬೇರೆ ಬೇರೆಯೇ ಇದ್ದರು.

1980ರ ಜನವರಿ 3ರ ಸಂಜೆ ಶಾಬಾದ ಡೇರೆಯಿಂದ ನಡೆಯಲು ಹೋದ ಜಾಯ್ ವಾಪಸ್ ಬರಲಿಲ್ಲ. ದಾರಿಯಲ್ಲಿ ಹೆಣ ಸಿಕ್ಕಿತು. ಸಿಂಹ ಕೊಂದಿತು ಅಂತ ಮೊದಲು ಸುದ್ದಿಯಾಯಿತು. ಪರೀಕ್ಷೆ ಮಾಡಿದಾಗ ಗಾಯ ಉಗುರಿನದಲ್ಲ, ಆಯುಧದ್ದು ಅಂತ ತಿಳಿಯಿತು. ಕೆಲಸದಿಂದ ತೆಗೆದುಹಾಕಿದ್ದ ಒಬ್ಬನಿಗೆ ಈ ಕೊಲೆಗಾಗಿ ಶಿಕ್ಷೆಯಾಯಿತು. ಎಪ್ಪತ್ತು ತುಂಬಲು ಇನ್ನು ಹದಿನೇಳು ದಿನ ಬಾಕಿ ಇತ್ತು. ಅವರ ಚಿತಾಭಸ್ಮವನ್ನು ಮೇರುವಿನಲ್ಲಿ ಎಲ್ಸಾ ಮತ್ತು ಪಿಪ್ಪಾ ಸಮಾಧಿಗಳ ಮೇಲೆ ಹಾಕಿದರು. ಒಂಬತ್ತು ವರ್ಷದ ಮೇಲೆ, 1989ರ ಆಗಸ್ಟ್ 20ರಂದು, ಜಾರ್ಜ್ ಅವರನ್ನೂ ಕೋರಾದಲ್ಲಿ ಡಕಾಯಿತರು ಗುಂಡಿಟ್ಟು ಕೊಂದರು. ಡಕಾಯಿತರ ಕೈಗೆ ಸಿಕ್ಕವರನ್ನು ಬಿಡಿಸಲು ಹೋಗಿದ್ದರು, ಆಗ ಅವರಿಗೆ 83 ವರ್ಷ. ಇಷ್ಟು ವರ್ಷ ಸಿಂಹಗಳ ನಡುವೆ ಬದುಕಿದವರು ಇಬ್ಬರೂ ಸತ್ತದ್ದು ಮನುಷ್ಯರ ಕೈಯಲ್ಲಿ.

ಕೀನ್ಯಾದಲ್ಲಿ 1977ರಲ್ಲೇ ಮೋಜಿನ ಬೇಟೆ ನಿಷೇಧವಾಗಿದೆ. ಈಗ ಅಲ್ಲಿಗೆ ಸಫಾರಿ ಹೋಗುವವರು ಹಿಡಿದುಕೊಂಡು ಹೋಗುವುದು ಕ್ಯಾಮೆರಾ. ನೈವಾಶಾ ಸರೋವರದ ದಡದಲ್ಲಿದ್ದ ಜಾಯ್ ಅವರ ಮನೆಗೆ ಎಲ್ಸಾಮೀರ್ ಅಂತ ಹೆಸರು. ಅದು ಈಗ ವಸ್ತುಸಂಗ್ರಹಾಲಯ. ಅಲ್ಲಿ ಮಕ್ಕಳಿಗೆ ಪರಿಸರದ ಪಾಠವೂ ನಡೆಯುತ್ತೆ.

ಗೆಳೆಯರೇ, ಈ ಕಥೆ ಓದಿದ ಮೇಲೂ ಚಿಟ್ಟಿ ವಾಪಸ್ ಬರಲಿಲ್ಲ. ಆದರೆ ನನ್ನ ತಪ್ಪು ಎಲ್ಲಿತ್ತು ಅಂತ ಗೊತ್ತಾಯಿತು. ಸಾಕಿದ್ದು ತಪ್ಪಲ್ಲ, ಆಗ ಅದಕ್ಕೆ ಬೇರೆ ಗತಿ ಇರಲಿಲ್ಲ. ಬಿಡಬೇಕು ಅಂದುಕೊಂಡದ್ದೂ ತಪ್ಪಲ್ಲ. ಮೊದಲಿನಿಂದಲೇ ಅದನ್ನು ಬೆಕ್ಕಿನ ಜೊತೆ, ಬ್ಯಾಗಿನ ಒಳಗೆ, ನನ್ನ ಆಟದ ಸಾಮಾನಿನ ಹಾಗೆ ಬೆಳೆಸಿ, ಆಮೇಲೆ ಒಂದೇ ಸಂಜೆಯಲ್ಲಿ ಬಿಟ್ಟು ಓಡಿ ಬಂದೆನಲ್ಲ, ಅದು ತಪ್ಪು. ಎಲ್ಸಾಗಾಗಿ ಅವರು ತಿಂಗಳುಗಟ್ಟಲೆ ಕಾದರು. ನಾನು ಒಂದು ರಾತ್ರಿ ಆ ಹುಣಸೆ ಮರದ ಕೆಳಗೆ ಕಾಯಲಿಲ್ಲ.

ಈ ಮಳೆಗಾಲದಲ್ಲಿ ನಮ್ಮ ಶಾಲೆಯ ಹೆಂಚಿನ ಸೂರಿನಿಂದ ಗೊರವಂಕದ ಮರಿಯೊಂದು ಕೆಳಗೆ ಬಿತ್ತು. ಎಲ್ಲರೂ ನನ್ನ ಹತ್ತಿರ ತಂದು ಸಾಕು ಅಂದರು. ನನಗೂ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಹತ್ತನೇ ತರಗತಿಯ ಅಣ್ಣಂದಿರ ಕೈಲಿ ಏಣಿ ಹಾಕಿಸಿ ಅದನ್ನು ಗೂಡಿಗೇ ಇಡಿಸಿದೆ. ದೂರ ನಿಂತು ಕಾದೆವು. ಸಂಜೆ ಬೆಲ್ ಹೊಡೆಯುವುದರೊಳಗೆ ತಾಯಿ ಹಕ್ಕಿ ಬಾಯಲ್ಲಿ ಹುಳ ಹಿಡಿದುಕೊಂಡು ಬಂತು. ಅವತ್ತು ನಾನು ಮನೆಗೆ ಹೋಗಿ ಹೊಟ್ಟೆ ತುಂಬ ಊಟ ಮಾಡಿದೆ.

ಆ ಪುಸ್ತಕ ಬೀರುವಿನ ಎರಡನೇ ಸಾಲಿನಲ್ಲಿದೆ. ರಟ್ಟು ಕಿತ್ತುಹೋಗಿತ್ತು, ನಾನು ಅಂಟಿಸಿದ್ದೇನೆ. ಬೇಕಾದವರು ಮೇಷ್ಟ್ರಿಗೆ ಹೇಳಿ ತೆಗೆದುಕೊಂಡು ಓದಿ.  

— 9ನೇ ತರಗತಿ ವಿದ್ಯಾರ್ಥಿನಿ